ಬೆನ್ನು ಯಾವ ಕಡೆ ಬಾಗಬೇಕು?

1956ರ ಮಾತು. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಎಂಬ ಯುವ ಫಿಸಿಯೋಥೆರಪಿಸ್ಟ್ ಸ್ವಂತ ಕ್ಲಿನಿಕ್ ತೆರೆದು ಮೂರು ವರ್ಷವಾಗಿತ್ತು. ಬರುತ್ತಿದ್ದ ರೋಗಿಗಳಲ್ಲಿ ಒಬ್ಬನನ್ನು ಮೆಕೆಂಜಿ ಮುಂದೆ ತಮ್ಮ ಬರಹಗಳಲ್ಲಿ ಮಿಸ್ಟರ್ ಸ್ಮಿತ್ ಎಂದು ಕರೆದರು. ಈ ಸ್ಮಿತ್‌ಗೆ ಸೊಂಟದ ಬಲಗಡೆ ಹುಟ್ಟಿದ ನೋವು ತೊಡೆಯಗುಂಟ ಮೊಣಕಾಲಿನವರೆಗೆ ಇಳಿಯುತ್ತಿತ್ತು. ಮುಂದಕ್ಕೆ ಬಗ್ಗಬಲ್ಲ, ಹಿಂದಕ್ಕೆ ಬಾಗಲಾರ. ಮೂರು ವಾರ ಚಿಕಿತ್ಸೆ ನಡೆದಿತ್ತು, ಗುಣ ಮಾತ್ರ ಕಂಡಿರಲಿಲ್ಲ.

ಅಂದು ಮೆಕೆಂಜಿ ಆತನಿಗೆ ಒಳಗಿನ ಕೋಣೆಗೆ ಹೋಗಿ ಬಟ್ಟೆ ಕಳಚಿ ಬೋರಲು ಮಲಗಲು ಹೇಳಿ ಬೇರೆ ಕೆಲಸದಲ್ಲಿ ತೊಡಗಿದರು. ಚಿಕಿತ್ಸೆಯ ಮೇಜಿನ ಒಂದು ತುದಿಯನ್ನು ಹಿಂದಿನ ರೋಗಿಗಾಗಿ ಮೇಲಕ್ಕೆತ್ತಿ ಇಟ್ಟಿದ್ದರು, ಇಳಿಸುವುದು ಮರೆತಿತ್ತು. ಸ್ಮಿತ್ ಪಾಪ, ಇದೂ ಚಿಕಿತ್ಸೆಯ ಭಾಗವೇ ಇರಬೇಕೆಂದು ಹಾಗೆಯೇ ಬೋರಲು ಬಿದ್ದುಕೊಂಡ. ಸೊಂಟ ತಗ್ಗಿನಲ್ಲಿ, ಎದೆ ಮೇಲೆ, ಬೆನ್ನು ಹಿಂದಕ್ಕೆ ಬಿಲ್ಲಿನಂತೆ. ಐದು ನಿಮಿಷದ ಮೇಲೆ ಒಳಬಂದ ಮೆಕೆಂಜಿ ಬೆಚ್ಚಿಬಿದ್ದರು. ಕಾಲಿಗೆ ನೋವು ಇಳಿಯುವ ರೋಗಿಯ ಬೆನ್ನನ್ನು ಹೀಗೆ ಹಿಂದಕ್ಕೆ ಮಣಿಸುವುದು ಆಗಿನ ವೈದ್ಯರ ಲೆಕ್ಕದಲ್ಲಿ ಮಾಡಬಾರದ ಕೆಲಸ. ಹೇಗಿದ್ದೀರಿ ಎಂದು ಅಳುಕಿನಿಂದಲೇ ಕೇಳಿದರೆ, ಮೂರು ವಾರದಲ್ಲಿ ಇಷ್ಟು ಹಾಯಾಗಿದ್ದದ್ದೇ ಇಲ್ಲ ಎಂಬರ್ಥದ ಉತ್ತರ ಬಂತು. ಕಾಲಿನ ನೋವು ಹೋಗಿತ್ತು. ಬಲಗಡೆ ಇದ್ದ ಸೊಂಟದ ನೋವು ಬೆನ್ನಿನ ನಡುಮಧ್ಯಕ್ಕೆ ಸರಿದಿತ್ತು. ಎದ್ದು ನಿಂತರೂ ಕಾಲಿನ ನೋವು ಮರಳಲಿಲ್ಲ. ಮರುದಿನ ಅದೇ ಭಂಗಿಯಲ್ಲಿ ಮತ್ತೆ ಮಲಗಿಸಿದಾಗ ಉಳಿದ ನೋವೂ ಬಿಟ್ಟಿತು.

ಮೆಕೆಂಜಿ ಬೆಚ್ಚಿದ್ದೇಕೆ ಎಂಬುದೇ ಒಂದು ದೊಡ್ಡ ಕತೆ. ಬೆನ್ನು ನೆಟ್ಟಗಿರಬೇಕೆ, ಒಳಬಾಗಿರಬೇಕೆ, ಚಪ್ಪಟೆಯಾಗಿರಬೇಕೆ ಎಂಬ ಜಗಳ ಆ ಹೊತ್ತಿಗೆ ವೈದ್ಯಲೋಕದಲ್ಲಿ ದಶಕಗಳಿಂದ ನಡೆದಿತ್ತು. ಜಗಳವಾಡಿದವರಲ್ಲಿ ಹೆಚ್ಚಿನವರು ಬೆನ್ನು ಹೇಗೆ ಕಾಣುತ್ತದೆ ಎಂದು ನೋಡಿದರೇ ಹೊರತು, ನೋವು ಎತ್ತ ಸರಿಯುತ್ತದೆ ಎಂದು ರೋಗಿಯನ್ನು ಕೇಳಿದವರು ಕಡಿಮೆ.

ನೋವೇನೋ ಹಳೆಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತವ್ಯಾಧಿಗಳ ಸಾಲಿನಲ್ಲಿ ‘ಗೃಧ್ರಸಿ’ ಬರುತ್ತದೆ. ಪೃಷ್ಠದಿಂದ ಹೊರಟು ಸೊಂಟ, ತೊಡೆ, ಮೊಣಕಾಲು, ಮೀನಖಂಡ, ಪಾದ ಎಂದು ನೋವು ಇಳಿಯುವ ದಾರಿಯನ್ನು ಅಲ್ಲಿ ಅಂಗ ಅಂಗವಾಗಿ ಹೆಸರಿಸಲಾಗಿದೆ. ಗೃಧ್ರ ಎಂದರೆ ರಣಹದ್ದು. ಕಾಲು ಬಿಗಿಹಿಡಿದ ರೋಗಿಯ ನಡಿಗೆ ನೆಲದ ಮೇಲೆ ಹೆಜ್ಜೆಯಿಡುವ ಹದ್ದಿನಂತೆ ಕಾಣುವುದರಿಂದ ಈ ಹೆಸರೆಂದು ಆಯುರ್ವೇದದವರು ವಿವರಿಸುತ್ತಾರೆ. ಕನ್ನಡನಾಡಿನ ಹಳ್ಳಿಗಳಲ್ಲಿ ಇದಕ್ಕೆ ಇಷ್ಟು ಶಾಸ್ತ್ರವಿಲ್ಲ. ಸೊಂಟ ಹಿಡಿದಿದೆ, ನರ ಎಳೆಯುತ್ತಿದೆ, ಅಷ್ಟೇ. ಹುಟ್ಟುವಾಗ ಕಾಲು ಮುಂದಾಗಿ ಬಂದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ಇಂದಿಗೂ ಸತ್ತಿಲ್ಲ. ಅಂಥವರು ಊರಿಗೊಬ್ಬರಾದರೂ ಸಿಗುತ್ತಾರೆ, ಬೇಡಿಕೆಯೂ ಇರುತ್ತದೆ.

ಇದು ನರದ ನೋವು ಎಂದು ಯುರೋಪಿನಲ್ಲಿ ಬಿಡಿಸಿ ಹೇಳಿದವರು ನೇಪಲ್ಸ್‌ನ ವೈದ್ಯ ಡೊಮೆನಿಕೊ ಕೊಟುನ್ಯೊ. 1764ರಲ್ಲಿ ಅವರು ಲ್ಯಾಟಿನ್‌ನಲ್ಲಿ ಬರೆದ ಸಣ್ಣ ಗ್ರಂಥ ಸೊಂಟದ ಕೀಲಿನ ನೋವನ್ನೂ ತೊಡೆಯ ನರದ ನೋವನ್ನೂ ಬೇರೆಬೇರೆಯಾಗಿ ನಿಲ್ಲಿಸಿತು. ಅಲ್ಲಿಯವರೆಗೆ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದರು. ನರದ ಹೊದಿಕೆಯೊಳಗೆ ತೀಕ್ಷ್ಣವಾದ ದ್ರವ ಸೇರಿಕೊಂಡು ಉರಿಸುತ್ತದೆ ಎಂಬುದು ಕೊಟುನ್ಯೊ ಕೊಟ್ಟ ಕಾರಣ. ಕಾರಣ ತಪ್ಪಾಗಿತ್ತು, ಆದರೆ ಬೆರಳು ಇಟ್ಟ ಜಾಗ ಸರಿಯಾಗಿತ್ತು. ಬಹುಕಾಲ ಈ ನೋವನ್ನು, ಅಂದರೆ ಸಯಾಟಿಕಾವನ್ನು, ಕೊಟುನ್ಯೊ ರೋಗವೆಂದೇ ಕರೆಯುತ್ತಿದ್ದರು.

ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚದಂತೆ ಹಿಡಿದು, ಒಂದು ಕಾಲನ್ನು ಮೆಲ್ಲನೆ ಮೇಲೆತ್ತುವ ಪರೀಕ್ಷೆಯನ್ನು ಇಂದು ಯಾವ ಫಿಸಿಯೋ ಬಳಿ ಹೋದರೂ ಮಾಡುತ್ತಾರೆ. ಕಾಲು ಅರ್ಧ ಏರುವಷ್ಟರಲ್ಲಿ ಹಿಂದೊಡೆಯಿಂದ ಕೆಳಗೆ ಮಿಂಚು ಹರಿದಂತಾದರೆ ನರಕ್ಕೆ ತೊಂದರೆಯಿದೆ ಎಂದು ಲೆಕ್ಕ. ಇದಕ್ಕೆ ಪ್ಯಾರಿಸ್ಸಿನ ಲಾಸೆಗ್ ಎಂಬ ಪ್ರೊಫೆಸರರ ಹೆಸರಿದೆ. ಆದರೆ ಅದನ್ನು 1881ರಲ್ಲಿ ಬರೆದಿಟ್ಟವನು ಅವರ ಶಿಷ್ಯ ಫೋರ್ಸ್ಟ್. ಅದಕ್ಕೂ ಒಂದು ವರ್ಷ ಮೊದಲೇ, 1880ರಲ್ಲಿ, ಬೆಲ್‌ಗ್ರೇಡಿನ ಲಾಜಾ ಲಾಜರೆವಿಚ್ ಇದನ್ನು ಸರ್ಬಿಯನ್ ಭಾಷೆಯಲ್ಲಿ ಪ್ರಕಟಿಸಿದ್ದರು. ನೋವಿಗೆ ಕಾರಣ ನರ ಎಳೆಯಲ್ಪಡುವುದೇ ಎಂದು ಸರಿಯಾಗಿ ಹೇಳಿದ್ದೂ ಅವರೇ. ಫೋರ್ಸ್ಟ್ ಮಾಂಸಖಂಡ ನರವನ್ನು ಒತ್ತುತ್ತದೆ ಎಂದಿದ್ದ. ಲಾಜರೆವಿಚ್ ವೈದ್ಯರಷ್ಟೇ ಅಲ್ಲ, ಸರ್ಬಿಯನ್ ಸಾಹಿತ್ಯದ ಹೆಸರಾಂತ ಸಣ್ಣಕತೆಗಾರರು. ಸಣ್ಣ ಭಾಷೆಯಲ್ಲಿ ಬರೆದದ್ದಕ್ಕೆ ತೆತ್ತ ಬೆಲೆ ಎಂದು ಕನ್ನಡದ ಓದುಗರು ನಿಟ್ಟುಸಿರು ಬಿಟ್ಟರೆ ತಪ್ಪಿಲ್ಲ.

ನರದ ಕತೆ ಹೀಗೆ ನಡೆದಿದ್ದಾಗ ಭಂಗಿಯ ಕತೆ ಬೇರೆಯದೇ ದಾರಿಯಲ್ಲಿತ್ತು. ಅದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ವ್ಯಾಯಾಮಶಾಲೆಯಲ್ಲಿ. ಕವಿಯೂ ಕತ್ತಿವರಸೆಯ ಗುರುವೂ ಆಗಿದ್ದ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ವೀಡನ್ನಿನ ಸರ್ಕಾರಿ ವ್ಯಾಯಾಮ ವಿದ್ಯಾಲಯ ಕಟ್ಟಿದರು. ಸೈನಿಕರ ಕಸರತ್ತು, ಶಾಲಾಮಕ್ಕಳ ಡ್ರಿಲ್ಲು, ರೋಗಿಗಳ ಚಿಕಿತ್ಸೆ ಮೂರಕ್ಕೂ ಅಲ್ಲಿ ಒಂದೇ ಗರಡಿ. ಮೈಯನ್ನು ಅಳತೆಗೆ ತಕ್ಕಂತೆ ಆಡಿಸಿದರೆ ರೋಗ ವಾಸಿಯಾಗುತ್ತದೆ ಎಂಬ ಈ ಸ್ವೀಡಿಷ್ ವಿದ್ಯೆ ಯುರೋಪಿನಾದ್ಯಂತ ಹರಡಿತು. ನಮ್ಮ ಶಾಲೆಗಳ ಮೈದಾನದಲ್ಲಿ ಸಾವಧಾನ್, ವಿಶ್ರಾಮ್ ಎಂದು ಮಕ್ಕಳ ಬೆನ್ನು ಸೆಟೆಸಿದ ಡ್ರಿಲ್ ಮಾಸ್ತರರೂ ಸೈನ್ಯದ ಶಿಸ್ತನ್ನೇ ಶಾಲೆಯ ಅಂಗಳಕ್ಕೆ ತಂದವರು.

ಲಂಡನ್ನಿನಲ್ಲಿ 1894ರಲ್ಲಿ ನಾಲ್ವರು ದಾದಿಯರು ಮಸಾಜ್ ಮಾಡುವವರ ಸಂಘ ಕಟ್ಟಿದರು. ಆಗ ಮಸಾಜ್ ಹೆಸರಿನಲ್ಲಿ ಬೇರೆ ದಂಧೆ ನಡೆಯುತ್ತಿದ್ದ ಮನೆಗಳ ಸುದ್ದಿ ಪತ್ರಿಕೆಗಳಲ್ಲಿ ಗುಲ್ಲೆಬ್ಬಿಸಿತ್ತು. ಹಾಗಾಗಿ ಸಂಘದ ನಿಯಮಗಳು ಬಿಗಿ: ವೈದ್ಯರ ಸೂಚನೆಯಿಲ್ಲದೆ ಕೈ ಹಚ್ಚಕೂಡದು, ಪತ್ರಿಕೆಗಳಲ್ಲಿ ಜಾಹೀರಾತು ಕೊಡಕೂಡದು. ಇದೇ ಸಂಘ 1920ರಲ್ಲಿ ರಾಜಸನ್ನದು ಪಡೆದು, ಮುಂದೆ ಬ್ರಿಟನ್ನಿನ ಫಿಸಿಯೋಥೆರಪಿ ವೃತ್ತಿಯ ಮುಖ್ಯ ಸಂಸ್ಥೆಯಾಯಿತು. ವೈದ್ಯರು ಹೇಳಿದ್ದನ್ನು ಮಾಡುವವರು ಎಂಬ ಪಟ್ಟ ಮಾತ್ರ ಈ ವೃತ್ತಿಗೆ ಬಹಳ ಕಾಲ ಅಂಟಿಕೊಂಡಿತ್ತು. ವೆಲಿಂಗ್ಟನ್ನಿನ ಯುವಕ ಬೆಚ್ಚಿದ್ದಕ್ಕೆ ಇದೂ ಒಂದು ಕಾರಣ.

ಅಮೆರಿಕದಲ್ಲಿ ನೆಟ್ಟಗಿನ ಬೆನ್ನು ಒಂದು ಚಳವಳಿಯೇ ಆಯಿತು. ದೈಹಿಕ ಶಿಕ್ಷಣದ ಜೆಸ್ಸಿ ಬ್ಯಾಂಕ್ರಾಫ್ಟ್ 1914ರಲ್ಲಿ ಅಮೆರಿಕನ್ ಪೋಸ್ಚರ್ ಲೀಗ್ ಸ್ಥಾಪಿಸಿದರು. ಗಾರೆಯವರ ತೂಗುಗುಂಡಿನ ದಾರದಂಥ ಒಂದು ನೇರ ಗೆರೆಯ ಪಕ್ಕದಲ್ಲಿ ಮಗುವನ್ನು ನಿಲ್ಲಿಸಿ, ಕಿವಿ, ಭುಜ, ಸೊಂಟ, ಪಾದ ಒಂದೇ ಸಾಲಿಗೆ ಬರುತ್ತವೆಯೇ ಎಂದು ನೋಡುವುದು ಅವರ ವಿಧಾನ. ಹಾರ್ವರ್ಡಿನಲ್ಲಿ ಮೂಳೆವೈದ್ಯ ಲಾಯ್ಡ್ ಬ್ರೌನ್ 746 ಹೊಸ ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಐವರಲ್ಲಿ ನಾಲ್ವರ ನಿಲುವು ಸರಿಯಿಲ್ಲವೆಂದು 1917ರಲ್ಲಿ ವರದಿ ಮಾಡಿದರು. ಅವರಲ್ಲಿ ಹೆಚ್ಚಿನವರು ಯಾವ ನೋವೂ ಇಲ್ಲದ ಆರೋಗ್ಯವಂತ ಹುಡುಗರು. ಐವರಲ್ಲಿ ನಾಲ್ವರು ಫೇಲಾಗುವ ಪರೀಕ್ಷೆಯಲ್ಲಿ ದೋಷ ಹುಡುಗರದೋ ಪ್ರಶ್ನೆಪತ್ರಿಕೆಯದೋ ಎಂದು ಆಗ ಯಾರೂ ಕೇಳಿದಂತಿಲ್ಲ. ಹಲವು ಪ್ರತಿಷ್ಠಿತ ಕಾಲೇಜುಗಳು 1960ರ ದಶಕದವರೆಗೂ ಹೊಸ ವಿದ್ಯಾರ್ಥಿಗಳನ್ನು ಬಟ್ಟೆಯಿಲ್ಲದೆ ನಿಲ್ಲಿಸಿ ‘ಭಂಗಿಯ ಫೋಟೊ’ ತೆಗೆಯುತ್ತಿದ್ದವು. 1995ರಲ್ಲಿ ಆ ಫೋಟೊಗಳ ಸುದ್ದಿ ಹೊರಬಿದ್ದು ದೊಡ್ಡ ಗದ್ದಲವಾಯಿತು.

ನರದ ದಾರಿ, ಭಂಗಿಯ ದಾರಿ ಎರಡೂ ಒಂದೇ ಊರಿನಲ್ಲಿ, ಒಂದೇ ವರ್ಷ ಎದುರುಬದುರಾದವು. ಊರು ಬಾಸ್ಟನ್, ವರ್ಷ 1934. ಅಲ್ಲಿನ ಹಿರಿಯ ಮೂಳೆವೈದ್ಯ ಜೋಯಲ್ ಗೋಲ್ಡ್‌ವೇಟ್ ಸಂಗಡಿಗರೊಂದಿಗೆ ದೇಹದ ನಿಲುವಿನ ಯಂತ್ರಶಾಸ್ತ್ರದ ಬಗ್ಗೆ ಪುಸ್ತಕ ತಂದರು. ಮೈ ಜೋತುಬಿದ್ದರೆ ಒಳಗಿನ ಅಂಗಾಂಗಗಳೂ ಜೋಲುತ್ತವೆ, ಅದರಿಂದ ಹಲವು ದೀರ್ಘಕಾಲದ ಕಾಯಿಲೆ ಹುಟ್ಟುತ್ತವೆ ಎಂಬುದು ಅವರ ನಂಬಿಕೆ. ಅದೇ ವರ್ಷದ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ 19 ರೋಗಿಗಳ ವಿವರವಿದ್ದ ಲೇಖನ ಪ್ರಕಟಿಸಿದರು. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಒಡೆದು ಹಿಂದಕ್ಕೆ ಉಬ್ಬಿ ನರದ ಬುಡವನ್ನು ಒತ್ತುತ್ತದೆ. ಕಾಲಿಗೆ ಇಳಿಯುವ ನೋವಿನ ಗುಟ್ಟು ಇದೇ. ಅದಕ್ಕೆ ಮೊದಲು ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕ ಇಂಥ ತುಣುಕುಗಳನ್ನು ಗೆಡ್ಡೆ ಎಂದು ಗುರುತುಹಾಕಿ ಶೀಶೆಗಳಲ್ಲಿ ಇಡುತ್ತಿದ್ದರು. ಇವರಿಬ್ಬರು ಆ ಹಳೆಯ ಶೀಶೆಗಳನ್ನು ಮತ್ತೆ ತೆರೆಸಿ ನೋಡಿದಾಗ ಗೆಡ್ಡೆಗಳಲ್ಲಿ ಹಲವು ಡಿಸ್ಕಿನ ಚೂರುಗಳಾಗಿದ್ದವು.

ಇನ್ನು ಎಲ್ಲರ ಕಣ್ಣೂ ಡಿಸ್ಕಿನ ಮೇಲೆ. ನಡುವೆ ಲೋಳೆಯಂಥ ತಿರುಳು, ಸುತ್ತ ನಾರಿನ ಬಿಗಿಯಾದ ಉಂಗುರಗಳು. ಸೊಂಟದ ಕೊನೆಯ ಎರಡು ಡಿಸ್ಕುಗಳ ಮೇಲೆ ಭಾರ ಹೆಚ್ಚು, ತೊಂದರೆಯೂ ಅಲ್ಲೇ ಹೆಚ್ಚು. ಆ ಮಟ್ಟದಿಂದ ಹೊರಡುವ ನರದ ಬೇರುಗಳು ಕೂಡಿಯೇ ಬೆರಳುಗಾತ್ರದ ಸಯಾಟಿಕ್ ನರ ಆಗುವುದು. ಹಾಗಾದರೆ ಡಿಸ್ಕ್ ಹಿಂದಕ್ಕೆ ಉಬ್ಬದಂತೆ ಕೂರುವುದು, ನಿಲ್ಲುವುದು ಹೇಗೆ?

ಡಲ್ಲಾಸಿನ ಮೂಳೆವೈದ್ಯ ಪಾಲ್ ವಿಲಿಯಮ್ಸ್ 1937ರಲ್ಲಿ ಕೊಟ್ಟ ಉತ್ತರ: ಸೊಂಟದ ಗುಳಿಯನ್ನು ಮುಚ್ಚಿ. ಮನುಷ್ಯ ನಾಲ್ಕು ಕಾಲಿನಿಂದ ಎರಡು ಕಾಲಿಗೆ ಎದ್ದು ನಿಂತಾಗಲೇ ಎಡವಟ್ಟಾಯಿತು. ನೆಟ್ಟಗೆ ನಿಲ್ಲಲು ಸೊಂಟ ಒಳಬಾಗಬೇಕಾಯಿತು, ಅದರಿಂದ ಭಾರವೆಲ್ಲ ಡಿಸ್ಕಿನ ಹಿಂಬದಿಗೆ ಬಿತ್ತು ಎಂದು ಅವರ ವಾದ. ಬೆನ್ನನ್ನು ಹಿಂದಕ್ಕೆ ಬಾಗಿಸಿದರೆ ನರ ಹೊರಬರುವ ಕಿಂಡಿಗಳು ಕಿರಿದಾಗುತ್ತವೆ, ಮುಂದಕ್ಕೆ ಬಗ್ಗಿದರೆ ಹಿಗ್ಗುತ್ತವೆ ಎಂಬುದೂ ನಿಜವೇ. ಹೀಗಾಗಿ ಅವರ ವ್ಯಾಯಾಮಗಳೆಲ್ಲ ಮುಂದಕ್ಕೆ ಬಗ್ಗುವಂಥವು. ಅಂಗಾತ ಮಲಗಿ ಸೊಂಟವನ್ನು ನೆಲಕ್ಕೆ ಒತ್ತುವುದು, ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವುದು, ಅರ್ಧ ಎದ್ದು ಮಲಗುವುದು, ಕುಕ್ಕರಗಾಲಲ್ಲಿ ಕೂತು ಏಳುವುದು. ಅಮೆರಿಕದಲ್ಲಿ ಕೆಲವು ದಶಕ ಸೊಂಟನೋವಿಗೆ ಇದೇ ವೇದವಾಕ್ಯ.

ಕುಕ್ಕರಗಾಲಿನ ವಿಷಯ ಭಾರತದವರೆಗೂ ಬಂತು. ಕೆನಡಾದ ಮೂಳೆವೈದ್ಯ ಹ್ಯಾರಿ ಫಾರ್ನಿ ಸಂಗಡಿಗರೊಬ್ಬರೊಂದಿಗೆ ಭಾರತದ ಭಿಲ್ಲರ ಬೆನ್ನುಮೂಳೆಯ ಎಕ್ಸ್-ರೇಗಳನ್ನು ಉತ್ತರ ಅಮೆರಿಕ ಮತ್ತು ಉತ್ತರ ಯುರೋಪಿನವರ ಎಕ್ಸ್-ರೇಗಳ ಜೊತೆ ಹೋಲಿಸಿ 1965ರಲ್ಲಿ ಲೇಖನ ಬರೆದರು. ಭಿಲ್ಲರ ಡಿಸ್ಕುಗಳು ಸವೆದದ್ದು ಕಡಿಮೆ. ಕುರ್ಚಿ ಕಾಣದೆ ಕುಕ್ಕರಗಾಲಲ್ಲಿ ಕೂರುವುದರಿಂದ ಬೆನ್ನು ಚಪ್ಪಟೆಯಾಗಿ ಉಳಿದು ಡಿಸ್ಕ್ ಬದುಕಿಕೊಂಡಿದೆ ಎಂದು ಫಾರ್ನಿ ತರ್ಕಿಸಿ, ಅದನ್ನೇ ರೋಗಿಗಳಿಗೆ ಬೋಧಿಸಿದರು. ಆ ಲೇಖನ ಭಿಲ್ಲರನ್ನು ‘ಆದಿಮ ಜನ’ ಎಂದು ಕರೆದದ್ದು ಆ ಕಾಲದ ಕಣ್ಣು. ಬೆಟ್ಟಗುಡ್ಡ ಹತ್ತಿಳಿಯುವವರಿಗೂ ಕಾರಿನಲ್ಲಿ ಓಡಾಡುವವರಿಗೂ ಕೂರುವ ರೀತಿಯೊಂದೇ ವ್ಯತ್ಯಾಸವೇ ಎಂದು ಯಾರಾದರೂ ಕೇಳಬಹುದಿತ್ತು. ಕಳೆ ಕೀಳುವ, ನಾಟಿ ಹಾಕುವ ನಮ್ಮ ಹೆಂಗಸರು ದಿನವಿಡೀ ಬಗ್ಗಿಯೇ ಇರುತ್ತಾರೆ. ಸಂಜೆ ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಬಾಗಿ ಉಸ್ಸೆನ್ನುತ್ತಾರೆ. ಆ ಕೈ ಯಾಕೆ ಅಲ್ಲಿಗೇ ಹೋಗುತ್ತದೆ ಎಂಬುದು ಫಾರ್ನಿಯ ಲೆಕ್ಕಕ್ಕೆ ಸಿಗುವುದಿಲ್ಲ.

ವೆಲಿಂಗ್ಟನ್ನಿನಲ್ಲಿ ಮೆಕೆಂಜಿ ಮಾತ್ರ ಆ ಕೈಯ ಜಾಡನ್ನೇ ಹಿಡಿದಿದ್ದರು. ಸ್ಮಿತ್ ವಾಸಿಯಾದ ಮೇಲೆ ಅವರು ಇನ್ನಿತರ ರೋಗಿಗಳನ್ನೂ ಬೋರಲು ಮಲಗಿಸಿ ನೋಡತೊಡಗಿದರು. ಮೊದಲು ಸುಮ್ಮನೆ ಮಲಗುವುದು, ಆಮೇಲೆ ಮೊಣಕೈ ಊರಿ ಎದೆ ಎತ್ತುವುದು, ಕೊನೆಗೆ ಅಂಗೈ ಊರಿ, ಸೊಂಟವನ್ನು ಸಡಿಲ ಬಿಟ್ಟು, ಮುಂಡವನ್ನು ಮೇಲೆತ್ತುವುದು. ಭುಜಂಗಾಸನ ಬಲ್ಲವರಿಗೆ ಇದು ಹೊಸದಾಗಿ ಕಾಣದು. ಹೊಸತು ಇದ್ದದ್ದು ಭಂಗಿಯಲ್ಲಲ್ಲ, ಅದನ್ನು ಹತ್ತು ಸಲ ಮಾಡಿಸಿ ಪ್ರತಿ ಸಲವೂ ಕೇಳುವ ಪ್ರಶ್ನೆಯಲ್ಲಿ. ನೋವು ಈಗ ಎಲ್ಲಿದೆ? ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ತೊಡೆಯಿಂದ ಸೊಂಟದ ನಡುವಿಗೆ ಹಿಮ್ಮೆಟ್ಟುತ್ತಿದ್ದರೆ ದಾರಿ ಸರಿ, ಸೊಂಟದ ನೋವು ತಾತ್ಕಾಲಿಕವಾಗಿ ಹೆಚ್ಚಿದರೂ ಚಿಂತೆಯಿಲ್ಲ. ಸೊಂಟ ಹಗುರಾಗಿ ಕಾಲಿನ ನೋವು ಕೆಳಗಿಳಿಯುತ್ತಿದ್ದರೆ ತಕ್ಷಣ ನಿಲ್ಲಿಸಬೇಕು. ನೋವು ಹೀಗೆ ನಡುವಿಗೆ ಮರಳುವುದನ್ನು ಅವರು ‘ಸೆಂಟ್ರಲೈಸೇಶನ್’ ಎಂದು ಕರೆದರು. ಸರಿಯಾದ ಭಂಗಿ ಯಾವುದೆಂದು ಗೋಡೆಯ ಗೆರೆ ಹೇಳುವ ಬದಲು ರೋಗಿಯ ಕಾಲೇ ಹೇಳತೊಡಗಿತು.

ಕೂರುವ ವಿಷಯಕ್ಕೂ ಅವರ ಬಳಿ ಸರಳವಾದ ಪಾಠವಿತ್ತು. ತೋರುಬೆರಳನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಮಣಿಸಿ ಹಿಡಿದರೆ ಸ್ವಲ್ಪ ಹೊತ್ತಿಗೆ ನೋಯುತ್ತದೆ. ಬಿಟ್ಟರೆ ನೋವು ಹೋಗುತ್ತದೆ. ಬೆರಳಿಗೆ ರೋಗವೇನೂ ಇಲ್ಲ, ಎಳೆತವಷ್ಟೇ. ಕುರ್ಚಿಯಲ್ಲಿ ಗಂಟೆಗಟ್ಟಲೆ ಗೂನಾಗಿ ಕೂತಾಗ ಸೊಂಟಕ್ಕೆ ಆಗುವುದೂ ಇದೇ ಎನ್ನುತ್ತಿದ್ದರು ಮೆಕೆಂಜಿ. ರೋಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಪೂರಾ ಜೋತುಬೀಳಿಸಿ, ಅಲ್ಲಿಂದ ಸೊಂಟವನ್ನು ಅತಿಯಾಗಿ ಒಳಬಾಗಿಸಿ, ಮತ್ತೆ ಜೋತುಬೀಳಿಸಿ, ಹೀಗೆ ಹಲವು ಸಲ. ಆ ಅತಿಯಿಂದ ಒಂದಿಷ್ಟು ಹಿಂದೆ ಸರಿದರೆ ಸಿಗುವುದೇ ಕೂರುವ ಜಾಗ. ಅದನ್ನು ಕಾಯ್ದುಕೊಳ್ಳಲು ಸೊಂಟದ ಗುಳಿಗೆ ಒಂದು ಸುರುಳಿದಿಂಬು. ಬೆಂಗಳೂರಿನ ಕಚೇರಿಗಳಲ್ಲಿ ಇಂದು ಟವೆಲ್ಲನ್ನು ಸುತ್ತಿ ಬೆನ್ನಿಗೆ ಕೊಟ್ಟುಕೊಂಡು ಕೂರುವವರು ಗೊತ್ತಿಲ್ಲದೆಯೇ ಮೆಕೆಂಜಿಯ ಶಿಷ್ಯರು.

ಮೆಕೆಂಜಿ ವೈದ್ಯರಲ್ಲ, ದೂರದ ದ್ವೀಪದ ಒಬ್ಬ ಫಿಸಿಯೋ. ಅವರ ಮಾತು ಜಗತ್ತಿಗೆ ತಲುಪಲು ಕಾಲು ಶತಮಾನ ಹಿಡಿಯಿತು. ಸಾಮಾನ್ಯರಿಗೆಂದು ಬರೆದ ಪುಸ್ತಕ 1980ರಲ್ಲಿ, ವೃತ್ತಿಯವರಿಗೆಂದು ಬರೆದದ್ದು 1981ರಲ್ಲಿ ಬಂತು. ಮರುವರ್ಷ ಅವರ ಹೆಸರಿನ ಸಂಸ್ಥೆ ಶುರುವಾಯಿತು. 2013ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಬೋರಲು ಮಲಗಿ ಎದೆ ಎತ್ತುವ ವ್ಯಾಯಾಮ ಹಲವು ದೇಶಗಳ ಕ್ಲಿನಿಕ್ಕುಗಳಲ್ಲಿ ನಿತ್ಯದ ಮಾತಾಗಿತ್ತು. ಡಿಸ್ಕಿನ ತಿರುಳು ಮುಂದೆ ಬಗ್ಗಿದರೆ ಹಿಂದಕ್ಕೆ, ಹಿಂದೆ ಬಾಗಿದರೆ ಮುಂದಕ್ಕೆ ಸರಿಯುತ್ತದೆ ಎಂದು ಅವರು ಕೊಟ್ಟ ವಿವರಣೆಯ ಬಗ್ಗೆ ಮಾತ್ರ ಇಂದಿಗೂ ಚರ್ಚೆಯಿದೆ.

ಕೂರುವುದನ್ನು ಅಳೆದವರು ಸ್ವೀಡನ್ನಿನವರು. ಯೋಟೆಬೊರಿಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಸೊಂಟದ ಡಿಸ್ಕಿನೊಳಕ್ಕೆ ಸೂಜಿ ತೂರಿಸಿ ಒತ್ತಡ ಅಳೆದರು. ನಿಂತಾಗಿನ ಒತ್ತಡ 100 ಎಂದಿಟ್ಟುಕೊಂಡರೆ ಅಂಗಾತ ಮಲಗಿದಾಗ 25, ಕೂತಾಗ 140, ಕೂತು ಮುಂದಕ್ಕೆ ಬಗ್ಗಿದಾಗ 185. ಈ ಅಂಕಿಗಳ ಚಿತ್ರ ಎಷ್ಟೋ ಆಸ್ಪತ್ರೆಗಳ ಗೋಡೆ ಏರಿತು. 1969ರಲ್ಲಿ ಸ್ಟಾಕ್‌ಹೋಮ್ ಬಳಿಯ ಡಾಂಡೆರಿಡ್ ಆಸ್ಪತ್ರೆಯಲ್ಲಿ ಮಾರಿಯಾನೆ ಸಾಕ್ರಿಸನ್ ಫೋರ್ಸೆಲ್ ‘ಬೆನ್ನಿನ ಶಾಲೆ’ ತೆರೆದರು. ಕೆಲವೇ ತರಗತಿ, ಗುಂಪಿನಲ್ಲಿ ಪಾಠ. ಬೆನ್ನು ಹೇಗೆ ಕೆಲಸ ಮಾಡುತ್ತದೆ, ಹೇಗೆ ಕೂರಬೇಕು, ಭಾರ ಹೇಗೆ ಎತ್ತಬೇಕು. ವೋಲ್ವೊ ಕಾರ್ಖಾನೆಯ ಕಾರ್ಮಿಕರ ಮೇಲೆ ನಡೆದು 1977ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಶಾಲೆಗೆ ಹೋದವರು ಬೇಗ ಕೆಲಸಕ್ಕೆ ಮರಳಿದರು.

ಗೋಡೆಯ ಚಿತ್ರಕ್ಕೆ ಮೂವತ್ತು ಚಿಲ್ಲರೆ ವರ್ಷ ಆಯಸ್ಸು. ಜರ್ಮನಿಯ ಉಲ್ಮ್‌ನಲ್ಲಿ ಹಾನ್ಸ್-ಯೋಆಕಿಮ್ ವಿಲ್ಕೆ ತಂಡ ಹೊಸ ಸಾಧನದಿಂದ ಮತ್ತೆ ಅಳೆದು 1999ರಲ್ಲಿ ಫಲಿತಾಂಶ ಕೊಟ್ಟಿತು. ಡಿಸ್ಕಿನೊಳಗೆ ಆ ಸಾಧನ ಇಟ್ಟುಕೊಂಡು ದಿನವಿಡೀ ಕೂತು, ನಿಂತು, ನಗಾಡಿ, ಮೆಟ್ಟಿಲು ಹತ್ತಿ ತೋರಿಸಿದ ಸ್ವಯಂಸೇವಕ ಒಬ್ಬನೇ, ಅವನೂ ಮೂಳೆವೈದ್ಯನೇ. ಆರಾಮಾಗಿ ಕೂತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಿರಲಿಲ್ಲ. ಕುರ್ಚಿಗೆ ಒರಗಿ, ಕಾಲು ಚಾಚಿ, ಮೇಷ್ಟರು ಕಂಡರೆ ಗದರುವಂತೆ ಕೂತಾಗ ಇನ್ನೂ ಕಡಿಮೆ. ಒಬ್ಬನೇ ಮನುಷ್ಯನ ಲೆಕ್ಕ, ನಿಜ. ಆದರೂ ನೆಟ್ಟಗೆ ಕೂರು ಎಂದು ಬೈಸಿಕೊಂಡು ಬೆಳೆದ ಪೀಳಿಗೆಗಳಿಗೆ ಇದು ಸಣ್ಣ ಸೇಡು ತೀರಿದಂತೆ.

ಮಲಗಿಯೇ ಇರಿ ಎಂಬ ಸಲಹೆಯ ಗತಿಯೂ ಹೀಗೇ ಆಯಿತು. ಸಯಾಟಿಕಾ ಬಂದರೆ ವಾರಗಟ್ಟಲೆ ಹಾಸಿಗೆ ಬಿಡಬೇಡಿ ಎನ್ನುವುದು ವಾಡಿಕೆಯಾಗಿತ್ತು. ನೆದರ್ಲೆಂಡ್ಸಿನಲ್ಲಿ 183 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ್ದು 1999ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರದ ಕೊನೆಗೆ ಎರಡು ವಾರ ಮಲಗಿದ್ದವರಲ್ಲೂ ಓಡಾಡಿಕೊಂಡಿದ್ದವರಲ್ಲೂ ಚೇತರಿಸಿಕೊಂಡವರು ಶೇ. 87. ನಾರ್ವೆಯ ಹೆನ್ರಿಕ್ ವೆಬರ್ 1983ರಲ್ಲಿ ಕೊಟ್ಟ ವರದಿ ಶಸ್ತ್ರಚಿಕಿತ್ಸೆಯ ಬಗ್ಗೆ. ಡಿಸ್ಕ್ ಒತ್ತಿದ್ದು ಖಚಿತವಿದ್ದ 126 ರೋಗಿಗಳಲ್ಲಿ ಮೊದಲ ವರ್ಷ ಶಸ್ತ್ರಚಿಕಿತ್ಸೆಯಾದವರು ಮುಂದಿದ್ದರು. ಹತ್ತನೆಯ ವರ್ಷಕ್ಕೆ ವ್ಯತ್ಯಾಸವೇ ಉಳಿದಿರಲಿಲ್ಲ. ಕಾಲಿನ ಬಲ ಕುಗ್ಗುತ್ತಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ಹೋದರೆ ಮಾತ್ರ ಭಂಗಿ, ವ್ಯಾಯಾಮ ಎಂದು ಕಾಯುವಂತಿಲ್ಲ, ನೇರ ಆಸ್ಪತ್ರೆಗೆ ಓಡಬೇಕು. ಇದರಲ್ಲಿ ವಿಲಿಯಮ್ಸ್ ಪಂಥಕ್ಕೂ ಮೆಕೆಂಜಿ ಪಂಥಕ್ಕೂ ಜಗಳವಿಲ್ಲ.

ಉಳಿದ ಜಗಳ ತೀರಿದ್ದು ಯಾರೊಬ್ಬರ ಗೆಲುವಿನಿಂದಲೂ ಅಲ್ಲ. ನೆದರ್ಲೆಂಡ್ಸಿನ ಶಸ್ತ್ರವೈದ್ಯ ಹೆಂಕ್ ವೆರ್ಬೀಸ್ಟ್ 1954ರಲ್ಲಿಯೇ ಇನ್ನೊಂದು ಬಗೆಯ ರೋಗಿಗಳನ್ನು ವಿವರಿಸಿದ್ದರು. ಅವರಿಗೆ ಬೆನ್ನುಹುರಿಯ ಕಾಲುವೆಯೇ ಕಿರಿದು. ನಿಂತರೆ, ನಡೆದರೆ ಕಾಲು ಜೋಮುಹಿಡಿದು ಸೋಲುತ್ತದೆ. ಕೂತರೆ, ಮುಂದಕ್ಕೆ ಬಗ್ಗಿದರೆ ಹಗುರ. ನಾಲ್ಕು ಹೆಜ್ಜೆಗೊಮ್ಮೆ ಜಗಲಿಕಟ್ಟೆಯ ಮೇಲೆ ಕೂತು ಏಳುವ ಅಜ್ಜಂದಿರಲ್ಲಿ ಇಂಥವರಿರುತ್ತಾರೆ. ಇವರ ಮಟ್ಟಿಗೆ ವಿಲಿಯಮ್ಸ್ ಹೇಳಿದ್ದೇ ಸರಿ, ಮೆಕೆಂಜಿಯ ಭಂಗಿ ನೋವು ಹೆಚ್ಚಿಸೀತು. 2004ರಲ್ಲಿ ಆಡ್ರಿ ಲಾಂಗ್, ರೊನಾಲ್ಡ್ ಡೊನೆಲ್ಸನ್ ತಂಡ 312 ರೋಗಿಗಳನ್ನು ಪರೀಕ್ಷಿಸಿದಾಗ ಶೇ. 74 ಜನರಿಗೆ ನೋವನ್ನು ಹಿಮ್ಮೆಟ್ಟಿಸುವ ಒಂದು ದಿಕ್ಕು ಇತ್ತು. ಹೆಚ್ಚಿನವರಿಗೆ ಹಿಂದಕ್ಕೆ, ಕೆಲವರಿಗೆ ಮುಂದಕ್ಕೆ, ಕೆಲವರಿಗೆ ಪಕ್ಕಕ್ಕೆ. ತಮ್ಮ ದಿಕ್ಕಿನ ವ್ಯಾಯಾಮ ಸಿಕ್ಕವರು ಎರಡೇ ವಾರದಲ್ಲಿ ಚೇತರಿಸಿಕೊಂಡರು. ವಿರುದ್ಧ ದಿಕ್ಕಿನದು ಪಾಲಿಗೆ ಬಂದವರಲ್ಲಿ ಹಲವರು ನಡುವೆಯೇ ಬಿಟ್ಟು ಹೋದರು.

ಕರ್ನಾಟಕದ ಹೆಸರು ಈ ಚರಿತ್ರೆಯಲ್ಲಿ ಬರುವುದು ಆಸ್ಪತ್ರೆಯ ಬಾಗಿಲಿನಿಂದಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಬಳಲಿ ಬಡಕಲಾಗಿದ್ದ ಹುಡುಗ. ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದ ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಕಲಿತು, 1937ರಲ್ಲಿ ಪುಣೆಗೆ ಹೋದರು. ನೋವಿನವರು ಬಂದಾಗ ಗೋಡೆಗೆ ಕೊಕ್ಕೆ ಹೊಡೆಸಿ ಹಗ್ಗ ಕಟ್ಟಿದರು, ಮರದ ಇಟ್ಟಿಗೆ, ಬೆಂಚು, ಮಡಚುಕುರ್ಚಿ, ಲೋಡುಗಳನ್ನು ಆಸರೆಯಾಗಿ ಕೊಟ್ಟರು. ಆಸನಕ್ಕೆ ಮೈ ಒಗ್ಗದಿದ್ದರೆ ಆಸನವನ್ನೇ ಮೈಗೆ ಒಗ್ಗಿಸುವ ಉಪಾಯ. 1979ರ ಸ್ಕೂಟರ್ ಅಪಘಾತಗಳಲ್ಲಿ ಅವರದೇ ಬೆನ್ನು, ಭುಜಗಳಿಗೆ ಪೆಟ್ಟಾದಾಗ ಈ ಆಸರೆಗಳನ್ನೇ ಹಿಡಿದು ಮತ್ತೆ ಅಭ್ಯಾಸಕ್ಕೆ ಮರಳಿದರು. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದವರು ದೀರ್ಘಕಾಲದ ಸೊಂಟನೋವಿನ 313 ಜನರನ್ನು ಆಯ್ದು, ಅಯ್ಯಂಗಾರ್ ಪದ್ಧತಿಯ ಶಿಕ್ಷಕರ ನೆರವಿನಿಂದ ರೂಪಿಸಿದ ಹನ್ನೆರಡು ತರಗತಿಗಳನ್ನು ಪರೀಕ್ಷಿಸಿದರು. 2011ರ ವರದಿಯಂತೆ ಯೋಗ ಕಲಿತವರ ಬೆನ್ನಿನ ಕಾರ್ಯಶಕ್ತಿ ಉಳಿದವರಿಗಿಂತ ಹೆಚ್ಚು ಸುಧಾರಿಸಿತ್ತು. ನೋವು ಮಾತ್ರ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮಕ್ಕೆ, ತಿಳಿವಳಿಕೆಯ ಪಾಠಕ್ಕೆ ಒಪ್ಪಿಗೆ. ಮೆಡಿಕಲ್ ಶಾಪುಗಳಲ್ಲಿ ನೇತಾಡುವ ಸೊಂಟಪಟ್ಟಿಗೆ, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ನಿಗೆ ಬೇಡ. 2020ರ ಅಂದಾಜಿನಂತೆ ಜಗತ್ತಿನಲ್ಲಿ ಸೊಂಟನೋವಿನವರು 61.9 ಕೋಟಿ. ಅವರಲ್ಲೊಬ್ಬರು ಇಂದು ಮಲ್ಲೇಶ್ವರದಲ್ಲೋ ಹುಬ್ಬಳ್ಳಿಯಲ್ಲೋ ಫಿಸಿಯೋ ಬಳಿ ಹೋದರೆ ಎಮ್‌ಆರ್‌ಐ ಲಕೋಟೆಯನ್ನು ಮುಂದೆ ಚಾಚುತ್ತಾರೆ. ಫಿಸಿಯೋ ಅದನ್ನು ಮೇಜಿನ ಮೇಲಿಟ್ಟು, ನೋವು ಎಲ್ಲಿಯವರೆಗೆ ಇಳಿಯುತ್ತದೆ, ಬೆರಳಿಟ್ಟು ತೋರಿಸಿ ಸರ್, ಎಂದು ಕೇಳಿ, ಬೋರಲು ಮಲಗಿಸಿ, ಐದು ನಿಮಿಷ ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ.